ತೆಂಕಣ: ಕನ್ನಡದ ಹೆಸರು ಪಡೆದ ಜಿಗಿಜೇಡಗಳು

ಯಕ್ಷಗಾನದ ಸೀಮೆಯವರಾದ ನಮಗೆ ‘ತೆಂಕು’ ಎಂಬ ಮಾತನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕುಂಬಳೆಯ ಪಾರ್ತಿಸುಬ್ಬನ ನಾಡಿನ ಆಟ ತೆಂಕುತಿಟ್ಟು. ಉಡುಪಿಯಿಂದ ಆಚೆಗಿನದು ಬಡಗುತಿಟ್ಟು. ಮನೆಯಲ್ಲಿ ತುಳು ಆಡುವ ಅಜ್ಜಿ ದಕ್ಷಿಣ ದಿಕ್ಕಿಗೆ ‘ತೆನ್ಕಾಯಿ’ ಎನ್ನುತ್ತಾರೆ. ನೆರೆಮನೆಯ ಮಲೆಯಾಳದವರು ‘ತೆಕ್ಕ್’ ಎನ್ನುತ್ತಾರೆ. ಹತ್ತನೆಯ ಶತಮಾನದ ಪಂಪನು ಬನವಾಸಿಯನ್ನು ನೆನೆಯುವಲ್ಲಿ ದಕ್ಷಿಣದ ಗಾಳಿಗೆ ‘ತೆಂಕಣ’ ಎಂಬ ಮಾತನ್ನೇ ಬಳಸಿದ್ದಾನೆ. ಹೀಗೆ ಸಾವಿರ ವರ್ಷಗಳಿಂದ ನಮ್ಮ ಬಾಯಲ್ಲಿ ಬಾಳಿಕೊಂಡು ಬಂದ ಈ ಮಾತು 2024ನೆಯ ಇಸವಿಯಲ್ಲಿ ಪ್ರಾಣಿಶಾಸ್ತ್ರದ ದಾಖಲೆಯನ್ನು ಸೇರಿತು. ದಕ್ಷಿಣ ಭಾರತದ ಜಿಗಿಯುವ ಜೇಡಗಳ ಒಂದು ಸಣ್ಣ ಕುಲಕ್ಕೆ ವಿಜ್ಞಾನಿಗಳು ‘ತೆಂಕಣ’ ಎಂದೇ ಹೆಸರಿಟ್ಟರು.

ಪ್ರಾಣಿಗಳ ಶಾಸ್ತ್ರೀಯ ನಾಮವೆಂದರೆ ಗ್ರೀಕ್ ಅಥವಾ ಲ್ಯಾಟಿನ್ ಪದವೇ ಆಗಿರಬೇಕೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗೇನೂ ನಿಯಮವಿಲ್ಲ. ರೋಮನ್ ಲಿಪಿಯಲ್ಲಿ ಬರೆದು ಪದವಾಗಿ ಉಚ್ಚರಿಸಲು ಬರುವಂತಿದ್ದರೆ ಯಾವ ಭಾಷೆಯ ಮಾತೂ ಸಲ್ಲುತ್ತದೆ. ಆದರೂ ಕನ್ನಡದ ಮಾತೊಂದು ಇಡೀ ಕುಲಕ್ಕೆ ಹೆಸರಾಗುವುದು ಅಪರೂಪ. ಇದುವರೆಗೆ ನಮ್ಮ ಮಕ್ಕಳು ‘ಪ್ಲೆಕ್ಸಿಪಸ್ ಪೈಕುಲ್ಲಿ’ ಎಂದು ನಾಲಿಗೆ ಹೊರಳಿಸಲು ಹೆಣಗಬೇಕಾಗಿತ್ತು. ಈ ಒಂದು ಹೆಸರಿನಲ್ಲಿ ಮಾತ್ರ ಹೊರದೇಶದವರು ನಮ್ಮವರ ಬಾಯಿಂದ ಕೇಳಿ ಕಲಿಯಬೇಕು!

ಇರಲಿ. ಹೆಸರಿನ ಸಂತೋಷ ಒಂದು ಕಡೆ. ಈ ಜೇಡಗಳು ಎಂಥವು, ಇವಕ್ಕೆ ಬೇರೆ ಕುಲವೇ ಏಕೆ ಬೇಕಾಯಿತು, ಹೆಸರು ಬದಲಾದರೆ ಏನು ಬದಲಾದಂತೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಜಿಗಿಜೇಡದ ಪರಿಚಯ. ಅದಕ್ಕಾಗಿ ಕಾಡಿಗೆ ಹೋಗಬೇಕಾಗಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಬಿಸಿಲು ಬಿದ್ದ ಗೋಡೆಯನ್ನು ನೋಡಿದರೆ ಸಾಕು. ಬಲೆ ಕಟ್ಟಿ ಮೂಲೆಯಲ್ಲಿ ತೂಗಾಡುವ ಉದ್ದ ಕಾಲಿನ ಜೇಡವಲ್ಲ ಇದು. ಗಿಡ್ಡ ಕಾಲು, ದಪ್ಪ ತಲೆ, ಮೈತುಂಬ ಸಣ್ಣ ರೋಮ. ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತದೆ. ನೀವು ಬಗ್ಗಿ ನೋಡಿದರೆ ಅದೂ ಮುಖ ತಿರುಗಿಸಿ ನಿಮ್ಮನ್ನು ನೋಡುತ್ತದೆ. ಹೀಗೆ ನೋಡಿದವರನ್ನು ತಿರುಗಿ ನೋಡುವ ಕೀಟವೋ ಜೇಡವೋ ಬೇರೆ ಸಿಕ್ಕುವುದು ಕಷ್ಟ. ಸಣ್ಣ ನೊಣ ಕಂಡರೆ ಬೆಕ್ಕಿನಂತೆ ಹೊಟ್ಟೆಯನ್ನು ನೆಲಕ್ಕಂಟಿಸಿ ಸರಿದು, ಅಳತೆಮಾಡಿ, ಒಮ್ಮೆಗೇ ಎರಗುತ್ತದೆ. ಎರಗುವ ಮುನ್ನ ನಿಂತ ಜಾಗಕ್ಕೆ ಒಂದು ನೂಲನ್ನು ಅಂಟಿಸಿಕೊಳ್ಳುವುದನ್ನು ಮರೆಯುವುದಿಲ್ಲ. ಗುರಿ ತಪ್ಪಿದರೆ ಆ ನೂಲಿನಲ್ಲಿ ತೂಗಿ ಮತ್ತೆ ಮೇಲೇರುತ್ತದೆ. ಬಲೆ ಹೆಣೆಯದಿದ್ದರೂ ರಾತ್ರಿ ಮಲಗಲು, ಮೊಟ್ಟೆಯಿಡಲು ರೇಷ್ಮೆಯಂಥ ಬಿಳಿ ಚೀಲವನ್ನು ಗೋಡೆಯ ಬಿರುಕಿನಲ್ಲೋ ಎಲೆಯ ಮಡಿಕೆಯಲ್ಲೋ ಮಾಡಿಕೊಳ್ಳುತ್ತದೆ. ಮನುಷ್ಯನಿಗೆ ಇದರಿಂದ ಅಪಾಯವಿಲ್ಲ.

ಇದರ ಕಣ್ಣುಗಳದೇ ಒಂದು ದೊಡ್ಡ ಸೋಜಿಗ. ಒಟ್ಟು ಎಂಟು ಕಣ್ಣು. ಮುಂದಿನ ನಡುವಿನ ಎರಡು ಮೋಟಾರು ಬಂಡಿಯ ದೀಪಗಳಂತೆ ದೊಡ್ಡವು. ಉಳಿದ ಆರು ಕಣ್ಣುಗಳು ಬದಿ, ಹಿಂಬದಿಗಳಲ್ಲಿ ಏನಾದರೂ ಕದಲಿತೇ ಎಂದು ಕಾಯುತ್ತವೆ. ಕದಲಿದ್ದು ತಿಳಿದೊಡನೆ ಜೇಡ ಆ ಕಡೆಗೆ ತಿರುಗುತ್ತದೆ. ದೊಡ್ಡ ಕಣ್ಣುಗಳು ಅದೇನೆಂದು ಪರೀಕ್ಷಿಸುತ್ತವೆ. ಈ ದೊಡ್ಡ ಕಣ್ಣು ಹೊರಗಿನಿಂದ ಅಲ್ಲಾಡುವುದಿಲ್ಲ. ಆದರೆ ಒಳಗೆ ದುರ್ಬೀನಿನ ಕೊಳವೆಯಂತಿದ್ದು, ಕೊಳವೆಯ ತುದಿಯ ಅಕ್ಷಿಪಟ ಸ್ನಾಯುಗಳ ಸಹಾಯದಿಂದ ಅತ್ತಿತ್ತ ಚಲಿಸುತ್ತದೆ. ಆ ಅಕ್ಷಿಪಟವೂ ಒಂದರ ಹಿಂದೊಂದು ನಾಲ್ಕು ಪದರಗಳಾಗಿದೆ. ಇಷ್ಟು ಪದರಗಳೇಕೆ? ಜಪಾನಿನ ವಿಜ್ಞಾನಿಗಳು 2012ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು. ಅವರು ಪರೀಕ್ಷಿಸಿದ್ದು ‘ಹಸಾರಿಯಸ್ ಅಡನ್ಸೋನಿ’ ಎಂಬ, ಬಿಸಿಲ ನಾಡುಗಳ ಮನೆಗಳಲ್ಲೆಲ್ಲ ಇರುವ ಜಿಗಿಜೇಡವನ್ನು. ಒಂದು ಪದರದಲ್ಲಿ ಬಿಂಬ ಸ್ಪಷ್ಟವಾಗಿ ಬಿದ್ದರೆ ಇನ್ನೊಂದರಲ್ಲಿ ಮಸುಕಾಗಿ ಬೀಳುತ್ತದೆ; ಎಷ್ಟು ಮಸುಕು ಎಂಬುದರಿಂದ ಜೇಡವು ದೂರವನ್ನು ಲೆಕ್ಕಹಾಕುತ್ತದೆ. ಹಸಿರು ಬೆಳಕಿನಲ್ಲಿ ಅದರ ಜಿಗಿತ ಸರಿಯಾಗಿ ಮುಟ್ಟಿತು. ಬರಿಯ ಕೆಂಪು ಬೆಳಕಿನಲ್ಲಿ ಬಿಟ್ಟಾಗ ಗುರಿಗಿಂತ ಈಚೆಯೇ ಬಿತ್ತು. ಮಸುಕಿನ ಲೆಕ್ಕ ಕೆಂಪು ಬೆಳಕಿನಲ್ಲಿ ತಪ್ಪಿತು ಎಂದರ್ಥ.

ಜಿಗಿಯುವುದಕ್ಕಾದರೂ ಕಪ್ಪೆಗಿರುವಂತೆ, ಮಿಡತೆಗಿರುವಂತೆ ದಪ್ಪ ತೊಡೆ ಇದಕ್ಕಿಲ್ಲ. ಜೇಡದ ಕಾಲಿನ ಮುಖ್ಯ ಗಂಟುಗಳನ್ನು ಮಡಿಸಲು ಸ್ನಾಯುಗಳಿವೆ, ನೀಡಲು ಇಲ್ಲ. ಮೈಯೊಳಗಿನ ರಕ್ತದಂಥ ದ್ರವವನ್ನು ಫಕ್ಕನೆ ಕಾಲಿಗೆ ನೂಕಿದಾಗ ಮಡಿಸಿದ ಕಾಲು ಚಿಮ್ಮಿ ನೇರವಾಗುತ್ತದೆ. ತೋಟಕ್ಕೆ ನೀರು ಬಿಡುವಾಗ ಸುರುಳಿ ಸುತ್ತಿದ ರಬ್ಬರು ಪೈಪು ನೀರು ನುಗ್ಗಿದೊಡನೆ ನೆಟ್ಟಗಾಗುವುದನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು.

ಇಂತಹ ಜೇಡಗಳದೇ ಒಂದು ಕುಟುಂಬ, ಹೆಸರು ಸಾಲ್ಟಿಸಿಡೆ. ಜಗತ್ತಿನ ಜೇಡಗಳಲ್ಲಿ ಇದೇ ಅತಿ ದೊಡ್ಡ ಕುಟುಂಬ. ಇದುವರೆಗೆ ಹೆಸರಿಟ್ಟ ಜಿಗಿಜೇಡಗಳು 6,500ಕ್ಕೂ ಹೆಚ್ಚು ಪ್ರಭೇದಗಳು, 600ಕ್ಕೂ ಹೆಚ್ಚು ಕುಲಗಳು. ಎಲ್ಲ ಜೇಡಗಳ ಹೆಸರುಗಳನ್ನು ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ಪ್ರಕೃತಿವಿಜ್ಞಾನ ಸಂಗ್ರಹಾಲಯ ಒಂದು ಪಟ್ಟಿಯಲ್ಲಿ ಬರೆದಿಡುತ್ತಿದೆ. 2022ರ ಏಪ್ರಿಲಿನಲ್ಲಿ ಆ ಪಟ್ಟಿ 50,000 ಪ್ರಭೇದಗಳನ್ನು ಮುಟ್ಟಿತು. ಐವತ್ತು ಸಾವಿರದ ಅಂಕೆಯನ್ನು ತುಂಬಿದ್ದೂ ದಕ್ಷಿಣ ಅಮೆರಿಕದ ಒಂದು ಜಿಗಿಜೇಡವೇ.

ಇಷ್ಟು ಸಾವಿರ ಜೀವಿಗಳಿಗೆ ಹೆಸರಿಡುವ ಕ್ರಮ ಹೇಗೆ? ನಮ್ಮ ಊರಿನವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಯ್ಯಾರ ಕಿಞ್ಞಣ್ಣ ರೈ, ಮಂಜೇಶ್ವರ ಗೋವಿಂದ ಪೈ ಎಂಬ ಹೆಸರುಗಳನ್ನು ನೋಡಿ. ಮೊದಲು ಊರಿನ ಅಥವಾ ಮನೆತನದ ಹೆಸರು, ಆಮೇಲೆ ಆ ವ್ಯಕ್ತಿಯ ಹೆಸರು. ಜೀವಿಗಳಿಗೂ ಹಾಗೆಯೇ: ಮೊದಲ ಪದ ಕುಲದ ಹೆಸರು, ಎರಡನೆಯದು ಪ್ರಭೇದದ ಹೆಸರು. ಒಂದೇ ತರವಾಡಿನ ಮಂದಿಗೆ ಒಂದೇ ಮನೆಹೆಸರು ಇರುವಂತೆ, ಒಂದೇ ಮೂಲದಿಂದ ಕವಲೊಡೆದ ಪ್ರಭೇದಗಳಿಗೆ ಒಂದೇ ಕುಲನಾಮ. ಮತ್ತೆ ಹತ್ತಿರದ ಕುಲಗಳು ಸೇರಿ ಬಳಗ, ಬಳಗಗಳು ಸೇರಿ ಕುಟುಂಬ, ಕುಟುಂಬಗಳು ಸೇರಿ ಗಣ. ಈ ಎರಡು ಪದಗಳ ಕ್ರಮವನ್ನು ನೆಲೆಗೊಳಿಸಿದವನು ಸ್ವೀಡನಿನ ಲಿನೇಯಸ್. ಪ್ರಾಣಿಗಳ ನಾಮಕರಣಕ್ಕೆ 1758ರ ಅವನ ಗ್ರಂಥವೇ ಆರಂಭ. ಆದರೆ ಜೇಡಗಳಿಗೆ ಮಾತ್ರ ಒಂದು ವಿನಾಯಿತಿಯುಂಟು. ಅದೇ ದೇಶದ ಕಾರ್ಲ್ ಕ್ಲರ್ಕ್ ಎಂಬವನು 1757ರಲ್ಲೇ ಸ್ವೀಡನಿನ ಜೇಡಗಳ ಕುರಿತು ಬರೆದ ಪುಸ್ತಕ ಬಹಳ ಅಚ್ಚುಕಟ್ಟಾಗಿದ್ದುದರಿಂದ, ಲಿನೇಯಸನ ಗ್ರಂಥಕ್ಕಿಂತಲೂ ಅದಕ್ಕೇ ಮೊದಲ ಮಣೆ ಕೊಟ್ಟಿದ್ದಾರೆ.

ಹೆಸರಿನ ಕೊನೆಗೆ ಅದನ್ನಿಟ್ಟವರ ಹೆಸರನ್ನೂ ವರ್ಷವನ್ನೂ ಬರೆಯುವುದು ವಾಡಿಕೆ. ಇಲ್ಲೊಂದು ಸಣ್ಣ ಗುಟ್ಟಿದೆ. ದೊಡ್ಡ ತರಗತಿಯ ವಿದ್ಯಾರ್ಥಿಗಳೂ ಇದನ್ನು ಗಮನಿಸಿರುವುದಿಲ್ಲ. ನಮ್ಮ ಗೋಡೆಯ ಜೇಡ ಪ್ಲೆಕ್ಸಿಪಸ್ ಪೈಕುಲ್ಲಿಯನ್ನು ತೆಗೆದುಕೊಳ್ಳಿ. ಇದರ ಗಂಡಿಗೆ ಕಪ್ಪು ಮೈಮೇಲೆ ಉದ್ದಕ್ಕೆ ಬಿಳಿ ಪಟ್ಟೆಗಳು. ಹೆಣ್ಣು ಮಾಸಿದ ಕಂದು ಬಣ್ಣದ್ದು. ಇವೆರಡೂ ಬೇರೆ ಬೇರೆ ಜೇಡಗಳೆಂದು ವಾದಿಸುವವರೇ ಹೆಚ್ಚು. ಪುಸ್ತಕದಲ್ಲಿ ಇದರ ಮುಂದೆ ‘ಔದುವಾ, 1826’ ಎಂದು ಆವರಣ ಚಿಹ್ನೆಯೊಳಗೆ ಅಚ್ಚಾಗಿರುತ್ತದೆ. ಆ ಆವರಣ ಅಲಂಕಾರಕ್ಕಲ್ಲ. ಹೆಸರಿಟ್ಟವರು ಇದನ್ನು ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಇದು ಮನೆ ಬದಲಾಯಿಸಿತು ಎಂಬುದರ ಗುರುತು ಅದು. ಔದುವಾ ಇಟ್ಟದ್ದು ‘ಅಟ್ಟಸ್’ ಎಂಬ ಕುಲದಲ್ಲಿ. ಅಂದಿನ ಕಾಲಕ್ಕೆ ಜಿಗಿಯುವ ಜೇಡಗಳೆಂದರೆ ಒಂದೆರಡು ಕುಲಗಳೇ. ಜಾಸ್ತಿ ಜೇಡಗಳು ಸಿಕ್ಕಿದಂತೆಲ್ಲ ಪಾಲು ಹೆಚ್ಚುತ್ತ ಹೋಯಿತು.

ಮನೆ ಬದಲಾಯಿಸಿದರೆ ಜೇಡಕ್ಕೇನು? ಏನೂ ಇಲ್ಲ. ನಮ್ಮ ಕಾಸರಗೋಡನ್ನೇ ನೋಡಿರಿ. 1956ರ ಅಕ್ಟೋಬರ್ 31ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ, ಮರುದಿನದಿಂದ ಕೇರಳ, ಆಮೇಲೆ ಕಣ್ಣೂರು ಜಿಲ್ಲೆಯ ತಾಲೂಕು, 1984ರಿಂದ ತನ್ನದೇ ಜಿಲ್ಲೆ. ಚಂದ್ರಗಿರಿ ಹೊಳೆ ಹರಿಯುವಲ್ಲಿಯೇ ಹರಿಯುತ್ತಿತ್ತು. ಆದರೆ ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ನಾಡುಗಳ ಗಡಿಯನ್ನು ಮನುಷ್ಯರು ಕುಳಿತು ಎಳೆಯುತ್ತಾರೆ. ಕುಲಗಳ ಗಡಿಯನ್ನು ಹಾಗೆ ಎಳೆಯುವಂತಿಲ್ಲ. ವಂಶದಲ್ಲಿ ಎಂದೋ ಆಗಿಹೋದ ಕವಲುಗಳನ್ನು ಹುಡುಕಿ ತೆಗೆಯಬೇಕು. ಈ ಹುಡುಕಾಟವೇ ವರ್ಗೀಕರಣಶಾಸ್ತ್ರ.

ಹುಡುಕುವುದೇನು ಸುಲಭವೇ? ರೂಪವನ್ನು ನೋಡಿದರೆ ಸಾಲದೆ ಎಂದು ಕೇಳಬಹುದು. ರೂಪ ಎಷ್ಟು ಮೋಸಮಾಡುತ್ತದೆ ಎಂಬುದಕ್ಕೆ ನಮ್ಮ ತೋಟಗಳಲ್ಲೇ ಒಂದು ಸಾಕ್ಷಿಯಿದೆ. ಮಾವು, ಗೇರು ಮರಗಳಲ್ಲಿ ಎಲೆಗಳನ್ನು ಹೊಲಿದು ಕೊಟ್ಟೆ ಕಟ್ಟುವ ಕೆಂಪು ಚಗಳಿ ಇರುವೆಯನ್ನು ಅರಿಯದ ಮಕ್ಕಳಿಲ್ಲ, ಕಚ್ಚಿಸಿಕೊಳ್ಳದವರೂ ಇಲ್ಲ. ಈ ಚಗಳಿಗಳು ಹರಿದಾಡುವ ಕೊಂಬೆಯನ್ನು ಹತ್ತು ನಿಮಿಷ ಕದಲದೆ ನೋಡುತ್ತಿರಿ. ಸಾಲಿನಿಂದ ತುಸು ದೂರದಲ್ಲಿ ಒಂಟಿಯಾಗಿ ಓಡಾಡುವ ಒಂದು ‘ಚಗಳಿ’ ಕಂಡೀತು. ಅದೇ ಕೆಂಗಂದು ಬಣ್ಣ, ಅದೇ ಸಪೂರ ನಡು. ಕಾಲು ಎಣಿಸಿರಿ: ಎಂಟು! ಇರುವೆಗಿರುವುದು ಆರು. ಮುಂದಿನ ಎರಡು ಕಾಲುಗಳನ್ನು ಗಾಳಿಯಲ್ಲಿ ಎತ್ತಿ ಆಡಿಸುತ್ತ ಇರುವೆಯ ಮೀಸೆಯ ನಟನೆ ಮಾಡುತ್ತಿದೆ. ಕೈ ಹತ್ತಿರ ತಂದರೆ ನೂಲು ಬಿಟ್ಟು ಕೆಳಗಿಳಿಯುತ್ತದೆ. ಇದೂ ಜಿಗಿಜೇಡವೇ. ಆಟದ ವೇಷದವರು ಬಣ್ಣಗಾರಿಕೆಯಲ್ಲಿ ಇದರ ಮುಂದೆ ಸೋಲಬೇಕು. ಇರುವೆಗಳನ್ನು ತಿನ್ನುವುದಕ್ಕಾಗಿ ಈ ವೇಷ ಎಂದು ಕೆಲವರು ಊಹಿಸುವುದುಂಟು, ಹಾಗಲ್ಲ. ಇದು ಚಗಳಿಗಳಿಂದ ದೂರವೇ ಇರುತ್ತದೆ. ಕಚ್ಚುವ, ಹುಳಿ ಚಿಮ್ಮುವ ಚಗಳಿಯ ತಂಟೆಗೆ ಬೇರೆ ಪ್ರಾಣಿಗಳು ಬರುವುದು ಕಡಿಮೆಯಾದ್ದರಿಂದ ಅದರ ವೇಷದಲ್ಲಿ ಇದಕ್ಕೆ ರಕ್ಷಣೆ. ಗಂಡಿನ ವೇಷ ಇನ್ನೂ ವಿಚಿತ್ರ. ಅದರ ಬಾಯಿಯ ಕೋರೆಗಳು ಮೈಯಷ್ಟೇ ಎನ್ನುವ ಹಾಗೆ ಉದ್ದಕ್ಕೆ ಮುಂದೆ ಚಾಚಿಕೊಂಡು ತುದಿಯಲ್ಲಿ ದಪ್ಪಗಿರುತ್ತವೆ. ನೋಡಿದರೆ ಒಂದು ಇರುವೆ ಇನ್ನೊಂದು ಸಣ್ಣ ಇರುವೆಯನ್ನು ಕಚ್ಚಿಕೊಂಡು ಹೋಗುತ್ತಿರುವಂತೆ ಕಾಣುತ್ತದೆ.

1869ರಲ್ಲಿ ಇಂಗ್ಲೆಂಡಿನ ಪಿಕರ್ಡ್-ಕೇಂಬ್ರಿಜ್ ಎಂಬ ಪಂಡಿತರು ಸಿಂಹಳದಿಂದ ಬಂದ ಈ ಜೇಡಕ್ಕೆ ‘ಸಾಲ್ಟಿಕಸ್ ಪ್ಲಟಾಲಿಯಾಯ್ಡಿಸ್’ ಎಂದು ಹೆಸರಿಟ್ಟರು. ‘ಪ್ಲಟಾಲಿಯ’ ಎಂದರೆ ಚಮಚದ ಕೊಕ್ಕಿನ ಹಕ್ಕಿ. ರಂಗನತಿಟ್ಟಿಗೆ ಪ್ರವಾಸ ಹೋದವರು ಅದನ್ನು ನೋಡಿರಬಹುದು. ಚಮಚಕೊಕ್ಕಿನಂಥದು ಎಂದು ಆ ಹೆಸರಿನ ಅರ್ಥ. ಆಮೇಲೆ ಇದನ್ನು ಇರುವೆವೇಷದ ಜೇಡಗಳ ದೊಡ್ಡ ಕುಲವಾದ ‘ಮಿರ್ಮರಾಕ್ನೆ’ಗೆ ಸೇರಿಸಿದರು. ಆ ಕುಲ ಬೆಳೆದು ಇನ್ನೂರಕ್ಕೂ ಮಿಕ್ಕಿ ಪ್ರಭೇದಗಳ ಸಂತೆಯಾಯಿತು. 2016ರಲ್ಲಿ ಪೋಲೆಂಡಿನ ಯೆರ್ಜಿ ಪ್ರುಶಿನ್ಸ್ಕಿಯವರು ಆ ಕೂಡುಕುಟುಂಬವನ್ನು ಪಾಲುಮಾಡಿ, ನಮ್ಮ ಚಗಳಿಜೇಡವನ್ನೂ ಅದರ ಮೂವರು ಹತ್ತಿರದವರನ್ನೂ ‘ಮಿರ್ಮಪ್ಲಾಟ’ ಎಂಬ ನಾಲ್ಕೇ ಸದಸ್ಯರ ಹೊಸ ಮನೆಗೆ ಕಳುಹಿಸಿದರು. ನೂರೈವತ್ತು ವರ್ಷಗಳೊಳಗೆ ಮೂರು ವಿಳಾಸ!

ವೇಷ ನಂಬಬಾರದು ಎಂದಾಯಿತು. ಹಾಗಾದರೆ ಏನನ್ನು ನಂಬುವುದು? ಬಹುಕಾಲದಿಂದ ಜೇಡದ ವಿದ್ವಾಂಸರು ನಂಬಿದ್ದು ಸಂತಾನಾಂಗಗಳನ್ನು. ಗಂಡಿನ ಮುಖದ ಇಕ್ಕೆಲದಲ್ಲಿ ಎರಡು ಕಿರುಗೈಗಳಿವೆ. ಅವುಗಳ ತುದಿ ಗಂಟಿನಂತೆ ಉಬ್ಬಿರುತ್ತದೆ. ಆ ಗಂಟಿನ ರಚನೆಯೂ ಹೆಣ್ಣಿನ ಹೊಟ್ಟೆಯಡಿಯ ಅಂಗವೂ ಬೀಗ ಬೀಗದ ಕೈಗಳಂತೆ ಒಂದಕ್ಕೊಂದು ಒಪ್ಪುತ್ತವೆ. ಬಣ್ಣ ವಯಸ್ಸಿನಿಂದ ಬದಲಾದೀತು, ಸ್ಪಿರಿಟಿನಲ್ಲಿಟ್ಟರೆ ಮಾಸೀತು. ಈ ಅಂಗಗಳ ಆಕಾರ ಒಂದು ಪ್ರಭೇದದೊಳಗೆ ಅಷ್ಟಾಗಿ ಬದಲಾಗುವುದಿಲ್ಲ. ಆದುದರಿಂದ ಹೊಸ ಜೇಡವನ್ನು ವರ್ಣಿಸುವವರು ಸೂಕ್ಷ್ಮದರ್ಶಕದಡಿ ಇವನ್ನೇ ಮೊದಲು ಚಿತ್ರಿಸುತ್ತಾರೆ. ಎಳೆಯ ಜೇಡದಲ್ಲಿ ಇವು ಬೆಳೆದಿರುವುದಿಲ್ಲವಾಗಿ, ಮರಿಯನ್ನು ಹಿಡಿದು ಹೆಸರು ಕೇಳಿದರೆ ಪಂಡಿತರೂ ಕೈಚೆಲ್ಲುತ್ತಾರೆ.

ಈಚಿನ ದಶಕಗಳಲ್ಲಿ ಇದಕ್ಕೆ ಜೀವಕೋಶದೊಳಗಿನ ಡಿ.ಎನ್.ಎ. ಸಾಕ್ಷ್ಯವೂ ಸೇರಿದೆ. ಇದನ್ನು ಹೀಗೆ ತಿಳಿಯೋಣ. ಹಿಂದೆ ಯಕ್ಷಗಾನ ಪ್ರಸಂಗಗಳನ್ನು ಓಲೆಗರಿಗಳಲ್ಲಿ ನೋಡಿ ನೋಡಿ ಪ್ರತಿ ಮಾಡುತ್ತಿದ್ದರು. ಒಬ್ಬ ಪ್ರತಿಕಾರ ಒಂದು ಅಕ್ಷರ ತಪ್ಪಿದರೆ, ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರ ಓಲೆಯಲ್ಲೂ ಆ ತಪ್ಪು ಬರುತ್ತದೆ. ಹತ್ತು ಮನೆಗಳ ಓಲೆಗಳನ್ನು ಹರವಿ, ಯಾವ ತಪ್ಪು ಯಾವುದರಲ್ಲಿದೆ ಎಂದು ಹೋಲಿಸಿದರೆ, ಯಾವ ಪ್ರತಿ ಯಾವುದರ ಮಗು ಎಂದು ಹೇಳಬಹುದು. ಓಲೆಯ ಹೊದಿಕೆ ಚಂದವೋ ಹಳತೋ ಎಂಬುದು ಮುಖ್ಯವಲ್ಲ. ಡಿ.ಎನ್.ಎ.ಯೂ ತಲೆಮಾರಿನಿಂದ ತಲೆಮಾರಿಗೆ ಪ್ರತಿಯಾಗುವ ಬರಹವೇ. ಅಲ್ಲಿ ಸೇರಿಹೋದ ಬದಲಾವಣೆಗಳನ್ನು ಹೋಲಿಸಿ ವಂಶವೃಕ್ಷವನ್ನು ಬರೆಯುತ್ತಾರೆ. ಕೆನಡ ದೇಶದ ವೇಯ್ನ್ ಮ್ಯಾಡಿಸನ್ ಅವರು 2015ರಲ್ಲಿ ಜಿಗಿಜೇಡಗಳ ಇಡೀ ಕುಟುಂಬವನ್ನು ಹೀಗೆ ವಂಶದ ಆಧಾರದಿಂದ ಬಳಗ, ಉಪಬಳಗಗಳಾಗಿ ವಿಂಗಡಿಸಿದರು.

ಈಗ ತೆಂಕಣದ ಕಥೆಗೆ ಬರೋಣ. 1902ರಲ್ಲಿ ಫ್ರಾನ್ಸಿನ ಯೂಜಿನ್ ಸಿಮೋನ್ ಎಂಬ ಮಹಾ ಜೇಡಪಂಡಿತರು ಸಿಂಹಳದ ಜೇಡವೊಂದಕ್ಕಾಗಿ ‘ಕೊಲೊಪ್ಸಸ್’ ಎಂಬ ಕುಲವನ್ನು ಮಾಡಿದ್ದರು. ದಕ್ಷಿಣ ಭಾರತದ ಎರಡು ಜಿಗಿಜೇಡಗಳು ರೂಪದಲ್ಲಿ ಇದಕ್ಕೆ ಹತ್ತಿರವಾಗಿ ಕಂಡವು; ಅವನ್ನೂ ಅಲ್ಲಿಗೇ ಸೇರಿಸಿದ್ದರು. ಒಂದರ ಪ್ರಭೇದನಾಮ ‘ಮನು’, ಅದನ್ನು ವರ್ಣಿಸಿದ್ದು 2014ರಲ್ಲಿ. ಇನ್ನೊಂದರದು ‘ಅರ್ಕಾವತಿ’. ಕಿರಣ್ ಮರಾಠೆ, ಜಾನ್ ಕೇಲಬ್, ವೇಯ್ನ್ ಮ್ಯಾಡಿಸನ್ ಮತ್ತು ಅವರ ಸಂಗಡಿಗರು ಡಿ.ಎನ್.ಎ.ಯನ್ನು ಹೋಲಿಸಿ ನೋಡಿದಾಗ, ಇವು ಕೊಲೊಪ್ಸಸ್ಸಿನ ಮೂಲ ಬಂಧುಗಳ ಜೊತೆ ಕೂಡಲಿಲ್ಲ. ಬೇರೆಯೇ ಒಂದು ಕವಲಾಗಿ ನಿಂತವು. ಜೊತೆಗೆ ಕರ್ನಾಟಕದಲ್ಲಿ ಸಿಕ್ಕಿದ, ಅದುವರೆಗೆ ಹೆಸರಿಲ್ಲದ ಇನ್ನೊಂದು ಜೇಡವೂ ಆ ಕವಲಿಗೇ ಸೇರಿತು. ಹೀಗಾಗಿ 2024ರಲ್ಲಿ ಹೊಸ ಕುಲವನ್ನು ಪ್ರಕಟಿಸಿದರು: ತೆಂಕಣ. ಸದಸ್ಯರು ಮೂವರು: ತೆಂಕಣ ಮನು, ತೆಂಕಣ ಅರ್ಕಾವತಿ, ತೆಂಕಣ ಜಯಮಂಗಲಿ.

ಕೊನೆಯ ಎರಡು ಹೆಸರುಗಳು ಕನ್ನಡನಾಡಿನ ಹೊಳೆಗಳವು. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಸೇರುವ ನದಿ. ಜಯಮಂಗಲಿ ತುಮಕೂರಿನ ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಗೆ ಸೇರುವುದು. ಎರಡೂ ಮಳೆ ಬಂದರೆ ಹರಿಯುವ, ಬೇಸಗೆಯಲ್ಲಿ ಬತ್ತುವ ಬಯಲುಸೀಮೆಯ ಹೊಳೆಗಳು. ಜೇಡಗಳ ಸ್ವಭಾವಕ್ಕೂ ಇದು ಒಪ್ಪುತ್ತದೆ. ತೆಂಕಣದ ಜೇಡಗಳು ಎಲೆಗಳ ಮೇಲಲ್ಲ, ನೆಲದ ಮೇಲೆ ಓಡಾಡುವಂಥವು. ಒಣ ಪ್ರದೇಶವನ್ನು ಮೆಚ್ಚುವಂಥವು. ಅವು ಇರುವುದು ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಲ್ಲಿ. ಆದುದರಿಂದಲೇ ‘ದಕ್ಷಿಣದ್ದು’ ಎಂಬ ಹೆಸರು. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ತುಮಕೂರಿನ ಕಡೆ ಅದರ ಕಾಲು ಪಾಲೂ ಬರುವುದಿಲ್ಲ. ಅಷ್ಟು ಬೇರೆ ಸೀಮೆಯ ಜೇಡ ಅದು. ಆದರೂ ನಮ್ಮ ಜಗಲಿಗೆ ಅದರ ನಂಟು ಉಂಟು. ತೆಂಕಣ ಸೇರಿರುವುದು ಪ್ಲೆಕ್ಸಿಪಿನಿ ಎಂಬ ಬಳಗಕ್ಕೆ, ಅದರೊಳಗೆ ಪ್ಲೆಕ್ಸಿಪಿನಾ ಎಂಬ ಉಪಬಳಗಕ್ಕೆ. ಆ ಬಳಗಕ್ಕೆ ಹೆಸರು ಕೊಟ್ಟದ್ದೇ ನಾವು ಮೇಲೆ ಹೇಳಿದ ಗೋಡೆಯ ಪ್ಲೆಕ್ಸಿಪಸ್. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೆನ್ನಿ. ಬೇಲಿಯ ಗಿಡಗಳಲ್ಲಿ ಕಾಣುವ, ತಿಳಿಹಳದಿ ಮೈಗೆ ಎರಡು ಕೆಂಪು ಗೀರುಗಳಿರುವ ‘ಟೆಲಮೋನಿಯ’ದ ಹೆಣ್ಣೂ ಈ ನೆಂಟರಲ್ಲೇ ಒಬ್ಬಳು.

ಮೂರೇ ಜೇಡಗಳಿಗೆ ಒಂದು ಕುಲವೇ ಎಂದು ಕೇಳುವವರಿದ್ದಾರೆ. ಕುಲದೊಳಗೆ ಎಷ್ಟು ಮಂದಿ ಇರಬೇಕೆಂದು ಲೆಕ್ಕವಿಲ್ಲ. ಒಂದೇ ಪ್ರಭೇದದ ಕುಲಗಳೂ ಹಲವು ಇವೆ. ಕೇಳಬೇಕಾದ ಪ್ರಶ್ನೆ ಬೇರೆ: ಒಳಗಿರುವವರೆಲ್ಲರೂ ಒಂದೇ ಮೂಲದವರೇ? ಆ ಮೂಲದವರನ್ನು ಯಾರನ್ನಾದರೂ ಹೊರಗೆ ಬಿಟ್ಟಿದ್ದೇವೆಯೇ? ಇದರಲ್ಲಿ ವಿದ್ವಾಂಸರೊಳಗೂ ಜಗಳ ಬಂದಿದೆ. ಪ್ರುಶಿನ್ಸ್ಕಿಯವರ ಅಭಿಪ್ರಾಯದಲ್ಲಿ ವರ್ಗೀಕರಣ ಮೊದಲು ಗುರುತಿಸುವವನಿಗೆ ನೆರವಾಗಬೇಕು. ಚಿತ್ರ ನೋಡಿ ಇದು ಯಾವ ಕುಲದ್ದೆಂದು ಹೇಳಲು ಬರಬೇಕು. ಅದಕ್ಕಾಗಿ ಕಣ್ಣಿಗೆ ಕಾಣುವ ಅಂಗಗಳ ಹೋಲಿಕೆಯಿಂದಲೇ ಗುಂಪುಗಳನ್ನು ಮಾಡಿದರು. 2019ರಲ್ಲಿ ಹಲವು ದೇಶಗಳ ಜೇಡತಜ್ಞರು ಒಟ್ಟಾಗಿ ಇದನ್ನು ಖಂಡಿಸಿ ಬರೆದರು. ಹೋಲಿಕೆ ಬೇರೆ, ನಂಟು ಬೇರೆ. ನಂಟಿಲ್ಲದವರನ್ನು ಒಂದೇ ಮನೆಹೆಸರಿನಿಂದ ಕರೆದರೆ ಮುಂದಿನ ಲೆಕ್ಕಗಳೆಲ್ಲ ಕೆಡುತ್ತವೆ ಎಂಬುದು ಅವರ ವಾದ. ನಮಗೆ ಈ ಎರಡನೆಯ ವಾದವೇ ಸರಿಯೆನಿಸುತ್ತದೆ. ಚಗಳಿಜೇಡವನ್ನು ಕಣ್ಣಾರೆ ಕಂಡವರಿಗೆ ಬೇರೆ ರೀತಿ ಅನ್ನಿಸುವುದು ಕಷ್ಟ. ಆದರೂ ಒಂದು ಭೂತಕನ್ನಡಿ ಮಾತ್ರ ಇರುವ ಶಾಲೆಯಲ್ಲಿ ಕುಳಿತು ಜೇಡವನ್ನು ಗುರುತಿಸಹೊರಟವರು, ಜಗತ್ತಿನ ಜಿಗಿಜೇಡಗಳ ಚಿತ್ರಗಳನ್ನು ಜೀವಮಾನವೆಲ್ಲ ಕೂಡಿಹಾಕಿದ ಆ ಪೋಲೆಂಡಿನ ಹಿರಿಯರನ್ನು ಹಗುರವಾಗಿ ಕಾಣಲಾರರು. ಜಗಳದ ನಡುವೆಯೂ ‘ಮಿರ್ಮಪ್ಲಾಟ’ ಎಂಬ ಹೆಸರು ಬರ್ನಿನ ಪಟ್ಟಿಯಲ್ಲಿ ಉಳಿದುಕೊಂಡಿದೆ.

ಇಷ್ಟೆಲ್ಲ ತಲೆಬಿಸಿ ಯಾಕೆ, ಜೇಡಕ್ಕೆ ಏನೆಂದು ಕರೆದರೇನು ಎಂದು ಹೆತ್ತವರು ಕೇಳಬಹುದು. ನಮ್ಮ ಜಿಲ್ಲೆಯವರಿಗೆ ಇದರ ಉತ್ತರ ಸ್ವಲ್ಪ ಕಹಿಯಾಗಿಯೇ ಗೊತ್ತಾಗಬೇಕು. 1970ರ ದಶಕದ ಕೊನೆಯಿಂದ 2000ನೆಯ ಇಸವಿಯವರೆಗೆ ಇಲ್ಲಿಯ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಉದ್ದೇಶ ಗೇರಿನ ಚಿಗುರನ್ನು ಹೀರುವ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲುವುದು. ಪಡ್ರೆಯೇ ಮೊದಲಾದ ಊರುಗಳ ಜನರ ಮೇಲೆ ಅದು ಏನು ಮಾಡಿತೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ. ನಮ್ಮ ಓದುಗರ ಮನೆಗಳಲ್ಲೇ ಅದರ ನೋವಿದೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅದನ್ನು ನಿಷೇಧಿಸಿತು. ಇಲ್ಲಿ ಹೇಳಬೇಕಾದದ್ದು ಇಷ್ಟು. ಆ ವಿಷಕ್ಕೆ ಟೀ ಸೊಳ್ಳೆ ಯಾವುದು, ಅದನ್ನು ಹಿಡಿದು ತಿನ್ನುವ ಚಗಳಿ ಯಾವುದು, ಜೇಡ ಯಾವುದು ಎಂಬ ಭೇದ ತಿಳಿಯದು. ಒಂದು ತೋಟದಲ್ಲಿ ಏನು ಅಳಿಯಿತು, ಏನು ಮರಳಿ ಬಂತು ಎಂದು ಹೇಳಬೇಕಾದರೆ ಅಲ್ಲಿ ಮೊದಲು ಯಾರು ಯಾರು ಇದ್ದರೆಂಬ ಪಟ್ಟಿ ಬೇಕು. ಪಟ್ಟಿ ಮಾಡಲು ಹೆಸರು ಬೇಕು. ಮೂರು ಬೇರೆ ಬೇರೆ ಜೇಡಗಳನ್ನು ‘ಒಂದು ಜೇಡ’ ಎಂದು ಬರೆದಿಟ್ಟಿದ್ದರೆ, ಎರಡು ಅಳಿದು ಒಂದು ಉಳಿದಾಗಲೂ ಪುಸ್ತಕದಲ್ಲಿ ‘ಜೇಡ ಇದೆ’ ಎಂದೇ ಇರುತ್ತದೆ.

ಇಂತಹ ಪಟ್ಟಿಯನ್ನು ಮಾಡಲು ಶಾಲಾ ಮಕ್ಕಳಿಂದಲೂ ಸಾಧ್ಯ. ನೋಡಬೇಕಾದ ಜಾಗಗಳು ನಮ್ಮ ಸುತ್ತಲೇ ಇವೆ: ಅಡಿಕೆ ಒಣಹಾಕುವ ಅಂಗಳ, ಹಟ್ಟಿಯ ಗೋಡೆ, ಗೇರುಮರದ ಕೊಂಬೆ, ಬೇಲಿ. ಎಲ್ಲಕ್ಕಿಂತ ಹೆಚ್ಚಾಗಿ ಮುರಕಲ್ಲಿನ ಪದವುಗಳು. ಮಳೆಗಾಲದಲ್ಲಿ ನೀರು ನಿಂತು ಹೂಬಿಡುವ ಈ ಪದವುಗಳು ಮಾರ್ಚಿ ಬಂದರೆ ಬಯಲುಸೀಮೆಯಂತೆ ಸುಡುತ್ತವೆ. ನೆಲದಲ್ಲಿ ಓಡಾಡುವ ಜಿಗಿಜೇಡಗಳನ್ನು ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲಿಲ್ಲ. ಕಲ್ಲು ಕಡಿಯುವ ಯಂತ್ರಗಳು ಒಂದೊಂದೇ ಪದವನ್ನು ಹೊಂಡಮಾಡುತ್ತಿರುವಾಗ ಈ ಕೆಲಸವನ್ನು ಬಹಳ ಮುಂದೂಡುವಂತೆಯೂ ಇಲ್ಲ.

ಹಿಡಿಯುವುದು, ಕೊಲ್ಲುವುದು ಬೇಡ. ಒಂದು ನೋಟ್ ಪುಸ್ತಕ, ಒಂದು ಸ್ಕೇಲು, ಸಾಧ್ಯವಾದರೆ ಮನೆಯ ಹಿರಿಯರ ಮೊಬೈಲಿನಿಂದ ಒಂದು ಚಿತ್ರ. ಚಿತ್ರವನ್ನು ಮೇಲಿನಿಂದ ಒಂದು, ಮುಖದ ಎದುರಿನಿಂದ ಒಂದು ತೆಗೆದರೆ ಕಣ್ಣುಗಳ ಸಾಲೂ ಗಂಡಿನ ಕಿರುಗೈಗಳೂ ಕಾಣುತ್ತವೆ. ಬರೆಯಬೇಕಾದದ್ದು ತಾರೀಕು, ಹೊತ್ತು, ಊರು, ಜೇಡ ಕುಳಿತಿದ್ದ ಜಾಗ ನೆಲವೋ ಗೋಡೆಯೋ ಎಲೆಯೋ, ಅಂದಾಜು ಉದ್ದ, ಕಿರುಗೈಯ ತುದಿ ಉಬ್ಬಿದೆಯೋ ಇಲ್ಲವೋ. ಹೆಸರು ಗೊತ್ತಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಿ, ಊಹಿಸಿ ತುಂಬಿಸಬೇಡಿ. ಮನೆಯಲ್ಲಿ ಹಿಡಿಸೂಡಿ ಹಿಡಿದವರಿಗೆ, ಮೂಲೆಯ ಬಲೆ ತೆಗೆದರೂ ಗೋಡೆಯಲ್ಲಿ ಜಿಗಿಯುವುದನ್ನು ಬಿಟ್ಟುಬಿಡುವಂತೆ ಹೇಳಿ. ನೊಣ ಸೊಳ್ಳೆಗಳ ಮೇಲೆ ಅದು ದಿನವಿಡೀ ಕೆಲಸದಲ್ಲಿದೆ. ಜೇಡಗಳ ದಾಖಲೆ ಪುಸ್ತಕವೊಂದನ್ನು ವಿಜ್ಞಾನದ ಕೊಠಡಿಯ ಕಿಟಕಿಯ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಮೊದಲ ಪುಟದಲ್ಲಿ ಶಾಲೆಯ ಜಗಲಿಯ ಪ್ಲೆಕ್ಸಿಪಸ್ ಗಂಡು ದಾಖಲಾಗಿದೆ. ಎರಡನೆಯ ಪುಟದಿಂದ ಖಾಲಿಯಿದೆ.